ಜನವರಿಯಲ್ಲಿ ಕಂದಿದ ಲಾನ್ ಸತ್ತಿಲ್ಲ: ಚಳಿಯ ನಂತರ ಹುಲ್ಲುಹಾಸನ್ನು ಚಿಗುರಿಸುವ ಬಗೆ

ಸಂಕ್ರಾಂತಿ ಕಳೆಯಿತೆಂದರೆ ನಮ್ಮ ಮೂಡಿಗೆರೆ ಕಡೆ ಒಂದು ಪ್ರಶ್ನೆ ಶುರುವಾಗುತ್ತದೆ. "ಲಾನ್ ಪೂರ್ತಿ ಕಂದಿಹೋಯ್ತಲ್ಲ, ಕಿತ್ತು ಹೊಸದು ಹಾಕಿಸಬೇಕಾ?" ಹಾಸನದಿಂದ ನನ್ನ ನಾದಿನಿಯೂ ಫೋನ್ ಮಾಡಿ ಇದನ್ನೇ ಕೇಳಿದಳು.

"ಅತ್ತಿಗೆ, ಹುಲ್ಲು ಸತ್ತೇ ಹೋಗಿದೆ. ನಾಳೆ ಆಳು ಕರೆಸಿ ಅಗೆಸ್ತೀನಿ."

"ಗುದ್ದಲಿ ಮುಟ್ಟಬೇಡ ಕಣೆ. ಶಿವರಾತ್ರಿ ತನಕ ತಡಿ."

ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಓಡಿಹೋಗುತ್ತದೆ ಎಂಬ ಮಾತು ನಮಗೆಲ್ಲ ಗೊತ್ತು. ಲಾನಿಗೂ ಅದೇ ಪಂಚಾಂಗ. ನಾನು ನೋಡಿದ ಮಟ್ಟಿಗೆ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ಚಳಿಯಿಂದಲೇ ಪೂರ್ತಿ ಸತ್ತ ಲಾನ್ ಬಹಳ ಕಡಿಮೆ. ಚಳಿಯಲ್ಲಿ ಮಲಗಿದ ಹುಲ್ಲಿಗೆ ಗಾಬರಿಯಿಂದ ಗೊಬ್ಬರ ಸುರಿದು, ದಿನಾ ಸಂಜೆ ನೀರು ಬಿಟ್ಟು ಕೊಂದದ್ದೇ ಜಾಸ್ತಿ. ನಾನೂ ಆ ತಪ್ಪು ಮಾಡಿದ್ದೇನೆ. ಲಾನ್ ಹಾಕಿದ ಮೊದಲ ವರ್ಷ, ಜನವರಿಯ ಒಂದು ಬೆಳಿಗ್ಗೆ, ಇಬ್ಬನಿ ಇನ್ನೂ ಆರಿರದ ಹುಲ್ಲಿನ ಮೇಲೆ ಯೂರಿಯಾ ಎರಚಿದೆ. ಒದ್ದೆ ಎಲೆಗೆ ಕಾಳು ಅಂಟಿಕೊಂಡಿತು. ನಾಲ್ಕು ದಿನದಲ್ಲಿ ಎರಚಿದ ಕೈಯ ಬೀಸು ಹೇಗಿತ್ತೋ ಹಾಗೇ ಸುಟ್ಟ ಗೆರೆಗಳು ಎದ್ದುಬಂದವು. ಮಳೆಗಾಲದ ತನಕ ಆ ಗೆರೆ ಹೋಗಲಿಲ್ಲ. ಅಂದಿನಿಂದ ಇಂದಿನವರೆಗೆ ಕಲಿತದ್ದನ್ನು ಮಾಡಬೇಕಾದ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ.

ಚಳಿ ಹುಲ್ಲಿಗೆ ಏನು ಮಾಡುತ್ತದೆ

ನಮ್ಮ ಮನೆಗಳ ಮುಂದೆ ಇರುವುದೆಲ್ಲ ಬಿಸಿಲು ಬಯಸುವ ಹುಲ್ಲು. ಗಣಪತಿಗೆ ಏರಿಸುವ ಗರಿಕೆ ಇದೆಯಲ್ಲ, ಬರ್ಮುಡಾ ಹುಲ್ಲು ಅಂತ ನರ್ಸರಿಯಲ್ಲಿ ಮಾರುವುದು ಅದೇ ಜಾತಿಯದು. ಮೆತ್ತಗೆ ದಿಂಬಿನಂತೆ ಉಬ್ಬಿ ಬೆಳೆಯುವ ಮೆಕ್ಸಿಕನ್ ಹುಲ್ಲು, ಕೊರಿಯನ್ ಹುಲ್ಲು ಇನ್ನೊಂದು ಬಗೆ. ಅಗಲ ಎಲೆಯ ಕಾರ್ಪೆಟ್ ಹುಲ್ಲು, ಬಫೆಲೋ ಹುಲ್ಲು ಮತ್ತೊಂದು. ಇವೆಲ್ಲ ಚೆನ್ನಾಗಿ ಬೆಳೆಯಲು 27ರಿಂದ 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಮಣ್ಣು 15 ಡಿಗ್ರಿಗಿಂತ ತಣ್ಣಗಾದರೆ ಬೆಳವಣಿಗೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ.

ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರ ಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿವೆ. ಜನವರಿಯ ರಾತ್ರಿ 13-14 ಡಿಗ್ರಿಗೆ ಇಳಿಯುವುದು ಮಾಮೂಲು, ಕೆಲವು ರಾತ್ರಿ ಇನ್ನೂ ಕೆಳಗೆ. ಆದರೆ ಹಗಲು? ಹನ್ನೊಂದು ಗಂಟೆಗೆ ಕಣ್ಣು ಕುಕ್ಕುವ ಬಿಸಿಲು. ತೊಂದರೆ ಇರುವುದೇ ಈ ಜೋಡಿಯಲ್ಲಿ. ರಾತ್ರಿಯ ಚಳಿಗೆ ಎಲೆ ಹೊಸ ಹಸಿರನ್ನು ತಯಾರಿಸುವುದು ನಿಧಾನವಾಗುತ್ತದೆ. ಹಗಲಿನ ಬಿಸಿಲು ಇರುವ ಹಸಿರನ್ನು ಕರಗಿಸುತ್ತದೆ. ಆದಾಯ ಕಡಿಮೆ, ಖರ್ಚು ಜಾಸ್ತಿ ಆದ ಮನೆಯಂತೆ. ಎಲೆ ಮೊದಲು ಹಳದಿಯಾಗುತ್ತದೆ, ಆಮೇಲೆ ಒಣ ಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಗರಿಕೆ ಜಾತಿಯಾದರೆ ತುದಿಗೆ ನೇರಳೆ ಛಾಯೆ ಬರುವುದೂ ಉಂಟು. ಅದು ರೋಗವಲ್ಲ, ಚಳಿಯ ಗುರುತು.

ಇನ್ನೊಂದು ವಿಷಯ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ಹುಲ್ಲಿನ ಎಲೆ ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಗೋಡೆಗೆ ತೂಗುಹಾಕಿದ ಥರ್ಮಾಮೀಟರ್ 12 ಎಂದು ತೋರಿಸುವಾಗ ನೆಲದ ಮೇಲಿನ ಹುಲ್ಲು ಅದಕ್ಕಿಂತ ಮೂರು ನಾಲ್ಕು ಡಿಗ್ರಿ ತಣ್ಣಗಿರಬಹುದು. ತಣ್ಣನೆ ಗಾಳಿ ಭಾರ, ಅದು ನೀರಿನಂತೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಗುಡ್ಡದ ಮೇಲಿನ ಮನೆಯ ಲಾನ್ ಹಸಿರಾಗಿದ್ದು, ಕೆಳಗೆ ಗದ್ದೆ ಬಯಲಿನ ಪಕ್ಕದ ಮನೆಯ ಲಾನ್ ಕಂದುವುದು ಇದಕ್ಕೇ. ನಿಮ್ಮ ಅಂಗಳದಲ್ಲೂ ತಗ್ಗಿನ ಮೂಲೆ ಮೊದಲು ಕಂದುತ್ತದೆಯಾ ಎಂದು ಒಮ್ಮೆ ಗಮನಿಸಿ.

ಮೊದಲು ಮಾಡಬೇಕಾದ್ದು: ಜೀವ ಇದೆಯಾ ಎಂದು ನೋಡುವುದು

ಎಲೆ ನೋಡಿ ತೀರ್ಮಾನ ಮಾಡಬೇಡಿ. ಹುಲ್ಲಿನ ಜೀವ ಇರುವುದು ಬುಡದ ಗಂಟಿನಲ್ಲಿ ಮತ್ತು ನೆಲದಲ್ಲಿ ಹಬ್ಬುವ ಬಳ್ಳಿಯಲ್ಲಿ.

ಕಂದಿದ ಜಾಗದಲ್ಲಿ ಕೂತು ಒಂದು ಹಿಡಿ ಹುಲ್ಲು ಹಿಡಿದು ಮೆಲ್ಲಗೆ ಎಳೆಯಿರಿ. ಬಿಗಿಯಾಗಿ ಹಿಡಿದುಕೊಂಡಿದ್ದರೆ ಬೇರು ಚೆನ್ನಾಗಿದೆ. ನಂತರ ಒಂದು ಬಳ್ಳಿಯನ್ನು ಕಿತ್ತು ಉಗುರಿನಿಂದ ಕೆರೆದು ನೋಡಿ. ಒಳಗೆ ಬಿಳಿ ಅಥವಾ ತಿಳಿ ಹಸಿರು ಕಂಡರೆ, ಮುರಿದಾಗ ಸ್ವಲ್ಪ ತೇವ ಇದ್ದರೆ ಅದು ಬದುಕಿದೆ. ಒಳಗೂ ಕಂದಾಗಿ, ಪಟ್ ಅಂತ ಕಡ್ಡಿಯಂತೆ ಮುರಿದರೆ ಆ ಬಳ್ಳಿ ಹೋಗಿದೆ. ಒಂದು ಕಡೆ ನೋಡಿದರೆ ಸಾಲದು. ಐದಾರು ಕಡೆ ನೋಡಿ.

ಇಷ್ಟಾದರೂ ಅನುಮಾನವೇ? ಹಾಗಾದರೆ ನನಗೆ ಇಷ್ಟವಾದ ಪರೀಕ್ಷೆ ಇನ್ನೊಂದಿದೆ. ಅಂಗೈಯಷ್ಟು ಅಗಲದ ಒಂದು ಹೆಂಟೆಯನ್ನು ಬೇರು, ಮಣ್ಣಿನ ಸಮೇತ ಕತ್ತರಿಸಿ ಒಂದು ಕುಂಡದಲ್ಲಿಡಿ. ಬೆಳಗಿನ ಬಿಸಿಲು ಬೀಳುವ ಜಗಲಿಯ ಮೇಲೆ, ಗೋಡೆಗೆ ತಾಗಿಸಿ ಇಡಿ. ರಾತ್ರಿ ಒಳಗೆ ತನ್ನಿ. ಮಣ್ಣು ಒಣಗದಷ್ಟು ನೀರು ಸಾಕು. ಎರಡು ವಾರದಲ್ಲಿ ಸೂಜಿಯಂಥ ಹಸಿರು ಮೊಳಕೆ ಬಂದರೆ ಹೊರಗಿರುವ ಲಾನೂ ಬರುತ್ತದೆ. ನಾದಿನಿ ಹೀಗೆ ಮಾಡಿ ಹನ್ನೆರಡನೇ ದಿನಕ್ಕೆ ಫೋಟೋ ಕಳಿಸಿದಳು. ಆಳು ಕರೆಸುವ ಮಾತು ಅಲ್ಲಿಗೆ ನಿಂತಿತು.

ಚಳಿ ಮಾಡಿದ್ದಲ್ಲದ ಗಾಯಗಳು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಚಳಿಗಾಲದಲ್ಲಿ ಕಾಣುವ ಎಲ್ಲ ಕಂದು ಕಲೆಯೂ ಚಳಿಯದಲ್ಲ. ಚಳಿಯಿಂದ ಕಂದಿದ ಲಾನ್ ಹೆಚ್ಚುಕಡಿಮೆ ಒಂದೇ ಸಮ ಕಂದುತ್ತದೆ, ತಗ್ಗಿನಲ್ಲಿ ಸ್ವಲ್ಪ ಜಾಸ್ತಿ. ಚೌಕ, ದುಂಡು, ಗೆರೆ, ಹೀಗೆ ಆಕಾರ ಇದ್ದರೆ ಕಾರಣ ಬೇರೆ ಹುಡುಕಿ.

ಚೌಕಾಕಾರದ ಹಳದಿ ಕಲೆಗೆ ನಮ್ಮ ಕಡೆ ಮೊದಲ ಕಾರಣ ಟಾರ್ಪಾಲು. ಡಿಸೆಂಬರ್-ಜನವರಿಯಲ್ಲಿ ಕಾಫಿ ಕುಯ್ಲು ಜೋರಾಗಿ, ಕಣದಲ್ಲಿ ಜಾಗ ಸಾಲದೆ ಲಾನಿನ ಮೇಲೇ ಟಾರ್ಪಾಲು ಹಾಸಿ ಕಾಫಿಯನ್ನೋ ಕಾಳುಮೆಣಸನ್ನೋ ಒಣಗಿಸುತ್ತಾರೆ. ಎರಡು ದಿನವಾದರೆ ಹುಲ್ಲು ತಡೆದುಕೊಳ್ಳುತ್ತದೆ. ಹತ್ತು ದಿನ ಬೆಳಕಿಲ್ಲದೆ, ಕೆಳಗೆ ಬೆಂದರೆ ಬಳ್ಳಿಯೇ ಹೋಗುತ್ತದೆ. ಹಾಸಲೇಬೇಕಾದರೆ ದಿನಾ ಸಂಜೆ ಎತ್ತಿ, ಮಾರನೇ ದಿನ ಜಾಗ ಬದಲಿಸಿ.

ದುಂಡಗೆ ಕಪ್ಪಾಗಿದ್ದರೆ ಅದು ಬೆಂಕಿ ಕಾಯಿಸಿದ ಜಾಗ. ಹೋಂಸ್ಟೇ ನಡೆಸುವವರಿಗೆ ಇದು ಚೆನ್ನಾಗಿ ಗೊತ್ತು. ಒಂದು ರಾತ್ರಿಯ ಕ್ಯಾಂಪ್ ಫೈರ್ ಸಾಕು, ಅಲ್ಲಿ ಬೇರಿನ ತನಕ ಸುಟ್ಟಿರುತ್ತದೆ, ಬೂದಿಯಿಂದ ಮಣ್ಣು ಕ್ಷಾರವಾಗಿರುತ್ತದೆ. ಆ ಜಾಗದ ಮಣ್ಣನ್ನು ಮೂರು ಇಂಚು ತೆಗೆದು ಹೊಸ ಮಣ್ಣು ತುಂಬಿಸಿ ಮತ್ತೆ ನೆಡುವುದೇ ದಾರಿ. ಬೆಂಕಿಗೆ ಅಂತ ಕಲ್ಲು ಹಾಸಿದ ಒಂದು ಮೂಲೆ ಮಾಡಿಬಿಡಿ.

ರೂಪಾಯಿ ಬಿಲ್ಲೆಯಷ್ಟರಿಂದ ಅಂಗೈಯಷ್ಟು ಅಗಲದ, ಒಣ ಹುಲ್ಲಿನ ಬಣ್ಣದ ಸಣ್ಣ ಸಣ್ಣ ಕಲೆಗಳಿದ್ದರೆ ಶಿಲೀಂಧ್ರ ಇರಬಹುದು. ಬೆಳಿಗ್ಗೆ ಏಳು ಗಂಟೆಗೆ ಹೋಗಿ ನೋಡಿ. ಇಬ್ಬನಿ ಇರುವಾಗ ಆ ಕಲೆಗಳ ಮೇಲೆ ಹತ್ತಿಯ ಎಳೆಯಂಥ ಬಿಳಿ ಬಲೆ ಕಾಣುತ್ತದೆ. ಜೇಡರ ಬಲೆಯೂ ಆ ಹೊತ್ತಿಗೆ ಹೊಳೆಯುತ್ತದೆ, ಮೋಸ ಹೋಗಬೇಡಿ. ಜೇಡರ ಬಲೆ ಎಲೆಯ ಮೇಲೆ ಚಪ್ಪಟೆಯಾಗಿ ಹಾಸಿರುತ್ತದೆ. ಶಿಲೀಂಧ್ರದ ಎಳೆ ಎಲೆಗಳ ನಡುವೆ ನೇಯ್ದುಕೊಂಡು, ಬಿಸಿಲೇರಿದಂತೆ ಮಾಯವಾಗುತ್ತದೆ. ಎಲೆ ಹತ್ತು ಹನ್ನೆರಡು ಗಂಟೆ ಒದ್ದೆಯಾಗೇ ಇರುವುದು ಇದಕ್ಕೆ ಕಾರಣ.

ಎಳೆದಾಗ ಹುಲ್ಲು ಚಾಪೆಯಂತೆ ಸುರುಳಿ ಸುತ್ತಿ ಬಂದರೆ ಬೇರನ್ನು ಯಾರೋ ತಿಂದಿದ್ದಾರೆ ಎಂದರ್ಥ. ಅದು ಗೊಣ್ಣೆಹುಳುವಿನ ಕೆಲಸ. ಮಳೆಗಾಲದಲ್ಲಿ, ಅದು ಮುಗಿಯುವ ಹೊತ್ತಿಗೆ ತಿಂದಿರುತ್ತದೆ, ನೀರು ಕಡಿಮೆಯಾದಾಗ ನಮಗೆ ಗೊತ್ತಾಗುತ್ತದೆ. ಗೊರವಂಕಗಳು ದಿನಾ ಒಂದೇ ಕಡೆ ಕುಕ್ಕುತ್ತಿದ್ದರೆ, ಕಾಡುಹಂದಿ ರಾತ್ರಿ ಬಂದು ಮೂತಿಯಿಂದ ಉತ್ತು ಹೋಗಿದ್ದರೆ, ಅವು ಹುಡುಕುತ್ತಿರುವುದೂ ಅದನ್ನೇ ಇರಬಹುದು. ಒಣ ಹುಲ್ಲಿನ ಮೇಲೆ ಮಣ್ಣಿನ ತೆಳು ಪದರ ಕಂಡರೆ ಅದು ಗೆದ್ದಲು.

ಕಾಯುವ ದಿನಗಳು: ಸಂಕ್ರಾಂತಿಯಿಂದ ಶಿವರಾತ್ರಿಯವರೆಗೆ

ಈ ಐದಾರು ವಾರ ಕೆಲಸ ಸ್ವಲ್ಪವೇ, ಆದರೆ ಅದನ್ನು ಬಿಡುವಂತಿಲ್ಲ.

ಮೊದಲನೆಯದು ಎಲೆ ಗುಡಿಸುವುದು. ತೋಟದ ಮನೆಗಳಲ್ಲಿ ಸಿಲ್ವರ್ ಓಕ್ ಎಲೆಯದ್ದೇ ದೊಡ್ಡ ಕಾಟ. ದಪ್ಪ ಎಲೆ, ಬೇಗ ಕೊಳೆಯುವುದಿಲ್ಲ. ಇಬ್ಬನಿಗೆ ನೆಂದು ಒಂದರ ಮೇಲೊಂದು ಅಂಟಿಕೊಂಡು ಹುಲ್ಲಿಗೆ ಬೆಳಕೂ ಇಲ್ಲ, ಗಾಳಿಯೂ ಇಲ್ಲದಂತೆ ಮಾಡುತ್ತದೆ. ವಾರಕ್ಕೆ ಎರಡು ಸಲವಾದರೂ ಕಡ್ಡಿಪೊರಕೆಯಿಂದ ಗುಡಿಸಿ. ಬೆಳಿಗ್ಗೆ ಬೇಡ, ಇಬ್ಬನಿ ಆರಿದ ಮೇಲೆ ಗುಡಿಸಿ. ಎಲೆಯನ್ನು ಸುಡದೆ ಗೊಬ್ಬರದ ಗುಂಡಿಗೆ ಹಾಕಿ.

ಎರಡನೆಯದು ಇಬ್ಬನಿ ಬೀಳಿಸುವುದು. ಶಿಲೀಂಧ್ರದ ಕಲೆ ಇದ್ದರೆ ಇದು ಔಷಧಿಗಿಂತ ಮೇಲು. ಉದ್ದನೆಯ ಒಂದು ಹಗ್ಗ ಅಥವಾ ನೀರಿನ ಪೈಪು ತೆಗೆದುಕೊಳ್ಳಿ. ಇಬ್ಬರು ಎರಡು ತುದಿ ಹಿಡಿದು ಲಾನಿನ ಅಂಚಿನಲ್ಲೇ ನಡೆಯುತ್ತಾ ಹುಲ್ಲಿನ ಮೇಲೆ ಎಳೆಯಿರಿ. ಹನಿಯೆಲ್ಲ ಕೆಳಗೆ ಬೀಳುತ್ತದೆ, ಎಲೆ ಎರಡು ಗಂಟೆ ಮೊದಲೇ ಒಣಗುತ್ತದೆ. ಗಾಲ್ಫ್ ಮೈದಾನಗಳಲ್ಲಿ ಇದನ್ನು ದಿನಾ ಮಾಡುತ್ತಾರೆ. ನಮ್ಮ ಮನೆಯಲ್ಲಿ ಮಕ್ಕಳು ಸ್ಕೂಲಿಗೆ ಹೋಗುವ ಮೊದಲು ಮಾಡುವ ಕೆಲಸ ಇದು. ಅಂಚಿನಲ್ಲೇ ನಡೆಯಿರಿ ಎಂದೆನಲ್ಲ, ಅದು ಮುಖ್ಯ. ಚಳಿಗೆ ಬೆಳವಣಿಗೆ ನಿಂತ ಹುಲ್ಲನ್ನು ತುಳಿದರೆ ಆದ ಗಾಯ ಬೇಗ ಮಾಯುವುದಿಲ್ಲ.

ಮೂರನೆಯದು ನೀರು. ಇದರಲ್ಲಿ ಹಾಸನಕ್ಕೂ ಮೂಡಿಗೆರೆಗೂ ವ್ಯತ್ಯಾಸವಿದೆ. ಮಲೆನಾಡಿನ ಅಂಚಿನಲ್ಲಿ ಮರದ ನೆರಳು, ಮಂಜು ಇರುವುದರಿಂದ ಮಣ್ಣು ಬೇಗ ಒಣಗುವುದಿಲ್ಲ. ಹಾಸನ, ಕಡೂರು, ಅರಸೀಕೆರೆ ಕಡೆ ಬಯಲುಸೀಮೆಯ ಒಣಗಾಳಿ. ಅಲ್ಲಿ ಲಾನ್ ಅರ್ಧ ಕಂದುವುದು ಚಳಿಗಲ್ಲ, ಬಾಯಾರಿಕೆಗೆ. ಹುಲ್ಲು ಬೆಳೆಯದಿದ್ದರೂ ಬುಡಕ್ಕೆ ತೇವ ಬೇಕು. ಪೂರ್ತಿ ಒಣಗಲು ಬಿಟ್ಟರೆ ಮಲಗಿದ ಹುಲ್ಲು ಏಳುವುದೇ ಇಲ್ಲ.

ಎಷ್ಟು ಹಾಕಬೇಕು? ಉದ್ದನೆಯ ಸ್ಕ್ರೂಡ್ರೈವರ್ ಒಂದನ್ನು ಮಣ್ಣಿಗೆ ಒತ್ತಿ. ನಾಲ್ಕು ಇಂಚು ಸಲೀಸಾಗಿ ಇಳಿದರೆ ನೀರು ಬೇಡ. ಎರಡು ಇಂಚಿಗೇ ನಿಂತರೆ ಬೇಕು. ಚಳಿಯಲ್ಲಿ 100 ಚದರ ಅಡಿಗೆ ವಾರಕ್ಕೆ ಏಳೆಂಟು ಬಕೆಟ್, ಅಂದರೆ 15 ಲೀಟರಿನ ಬಕೆಟ್, ಸಾಕಾಗುತ್ತದೆ. ಅದನ್ನು ಒಂದೇ ಸಲ, ಆಳಕ್ಕೆ ಇಳಿಯುವಂತೆ ಕೊಡಿ. ಬೆಳಿಗ್ಗೆ ಎಂಟರಿಂದ ಹತ್ತರ ಒಳಗೆ ಕೊಡಿ. ಸಂಜೆ ನೀರು ಹಾಕಿದರೆ ರಾತ್ರಿಯಿಡೀ ಎಲೆ ಒದ್ದೆ, ಮೇಲೆ ಇಬ್ಬನಿ ಬೇರೆ. ರೋಗವನ್ನು ನಾವೇ ಕರೆದಂತೆ.

ಈ ಹೊತ್ತಿನಲ್ಲಿ ಗೊಬ್ಬರ ಬೇಡ. ಹುಲ್ಲು ಹೊಡೆಯುವುದೂ ಬೇಡ. ಕಂದಿದ ಎಲೆಯೇ ಈಗ ಬುಡದ ಗಂಟಿಗೆ ಕಂಬಳಿ.

ಎಚ್ಚರವಾಗುವ ಸೂಚನೆ

ಫೆಬ್ರವರಿ ಎರಡನೇ ವಾರದಿಂದ ದಿನಾ ಒಂದು ನಿಮಿಷ ಬುಡ ನೋಡಿ. ರಾತ್ರಿ ಹೊದೆಯುವ ಕಂಬಳಿ ನಿಮಗೇ ಭಾರ ಅನಿಸುವ ಹೊತ್ತಿಗೆ, ಅಂದರೆ ರಾತ್ರಿಯ ಶಾಖ 16-17 ಡಿಗ್ರಿಗೆ ಏರಿದಾಗ, ಕಂದಿದ ಎಲೆಗಳ ನಡುವೆ ಹಸಿರು ಮೊಳಕೆ ಕಾಣತೊಡಗುತ್ತದೆ. ಗರಿಕೆ ಜಾತಿ ಮೊದಲು ಏಳುತ್ತದೆ. ವಂಶ ಗರಿಕೆ ಕುಡಿಯಂತೆ ಹಬ್ಬಲಿ ಅಂತ ಹಿರಿಯರು ಹರಸುತ್ತಿದ್ದುದು ಸುಮ್ನೆ ಅಲ್ಲ. ಮೆಕ್ಸಿಕನ್ ಹುಲ್ಲು ಸ್ವಭಾವದಿಂದಲೇ ನಿಧಾನ, ಅದಕ್ಕೆ ಇನ್ನೂ ಎರಡು ಮೂರು ವಾರ ಕೊಡಿ. ಕಾರ್ಪೆಟ್ ಹುಲ್ಲಿಗೆ ಚಳಿ ತಟ್ಟುವುದು ಎಲ್ಲಕ್ಕಿಂತ ಜಾಸ್ತಿ. ಅಲ್ಲಲ್ಲಿ ಬೋಳು ಉಳಿಯುವುದೂ ಅದರಲ್ಲೇ.

ಲಾನಿನ ಅರ್ಧ ಭಾಗದಲ್ಲಿ ಮೊಳಕೆ ಕಂಡ ಮೇಲೆ ಮುಂದಿನ ಕೆಲಸ ಶುರು ಮಾಡಿ.

ಬಾಚುವುದು, ಕತ್ತರಿಸುವುದು

ಹುಲ್ಲಿನ ಬುಡಕ್ಕೂ ಮಣ್ಣಿಗೂ ನಡುವೆ ಒಣ ಹುಲ್ಲು, ಹಳೆಯ ಬೇರು ಸೇರಿ ಒಂದು ಮೆತ್ತೆ ಕಟ್ಟಿರುತ್ತದೆ. ಬೆರಳು ತೂರಿಸಿ ಅಳೆಯಿರಿ. ಅರ್ಧ ಇಂಚಿನೊಳಗಿದ್ದರೆ ಅದರಿಂದ ಉಪಕಾರವೇ. ಅದಕ್ಕಿಂತ ದಪ್ಪವಾದರೆ ನೀರು, ಗೊಬ್ಬರ ಮಣ್ಣಿಗೆ ಇಳಿಯುವುದಿಲ್ಲ, ಗೆದ್ದಲಿಗೂ ಅದೇ ಊಟ. ಮೆಕ್ಸಿಕನ್ ಹುಲ್ಲಿನಲ್ಲಿ ಈ ಮೆತ್ತೆ ಬೇಗ ದಪ್ಪವಾಗುತ್ತದೆ.

ಕಬ್ಬಿಣದ ಹಲ್ಲಿನ ಬಾಚಣಿಗೆಯಿಂದ ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಬಾಚಿ. ಕಾರ್ಪೆಟ್, ಬಫೆಲೋ ಹುಲ್ಲಿದ್ದರೆ ಕೈ ಹಗುರ ಇರಲಿ. ಅವುಗಳ ಬಳ್ಳಿ ನೆಲದ ಮೇಲೇ ಹರಿಯುವುದರಿಂದ ಜೋರಾಗಿ ಎಳೆದರೆ ಬಳ್ಳಿಯೇ ಕಿತ್ತುಬರುತ್ತದೆ. ಬಾಚಿದಾಗ ಬರುವ ಒಣ ಹುಲ್ಲಿನ ರಾಶಿ ನೋಡಿ ಗಾಬರಿಯಾಗಬೇಡಿ. ಸಣ್ಣ ಅಂಗಳದಿಂದಲೂ ಮೂರು ನಾಲ್ಕು ಗೋಣಿಚೀಲ ಬಂದರೆ ಆಶ್ಚರ್ಯವಿಲ್ಲ.

ಗರಿಕೆ ಜಾತಿಯ ಲಾನನ್ನು ಈಗ ಒಂದು ಸಲ ಗಿಡ್ಡಗೆ, ಮುಕ್ಕಾಲು ಇಂಚಿನಷ್ಟು ಬಿಟ್ಟು ಹೊಡೆಯಬಹುದು. ಸತ್ತ ಎಲೆ ಹೋಗಿ ಮಣ್ಣಿಗೆ ಬಿಸಿಲು ತಾಗಿದರೆ ಬೇಗ ಹಸಿರಾಗುತ್ತದೆ. ಬೇರೆ ಹುಲ್ಲಿಗೆ ಇಷ್ಟು ಗಿಡ್ಡ ಬೇಡ, ಒಣ ತುದಿ ಹೋದರೆ ಸಾಕು. ಈ ಒಂದು ಸಲ ಬಿಟ್ಟರೆ ವರ್ಷವಿಡೀ ನೆನಪಿಡಬೇಕಾದ ಲೆಕ್ಕ ಒಂದೇ: ಎಲೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಯಾವತ್ತೂ ಕತ್ತರಿಸಬಾರದು. ತೋಟದ ಕಳೆ ಹೊಡೆಯುವ ಮೆಷಿನನ್ನೇ ಲಾನಿಗೂ ತರುತ್ತಾರೆ. ಅದರಲ್ಲಿ ಎತ್ತರ ಒಂದೇ ಸಮ ಹಿಡಿಯುವುದು ಕಷ್ಟ. ಅಲ್ಲಲ್ಲಿ ಮಣ್ಣಿನ ತನಕ ಕೆರೆದುಬಿಡುತ್ತದೆ. ದೂಡುವ ಕೈಮೆಷಿನ್ ಬ್ಲೇಡ್ ಚೂಪಾಗಿದ್ದರೆ ಮನೆಯ ಲಾನಿಗೆ ಅದರಷ್ಟು ಚೆನ್ನಾಗಿ ಕೆಲಸ ಮಾಡುವುದು ಇನ್ನೊಂದಿಲ್ಲ. ಮೊಂಡು ಬ್ಲೇಡ್ ಎಲೆಯನ್ನು ಹರಿಯುತ್ತದೆ, ಹರಿದ ತುದಿ ಎರಡೇ ದಿನಕ್ಕೆ ಬೆಳ್ಳಗಾಗುತ್ತದೆ.

ಮಣ್ಣಿಗೆ ಉಸಿರು

ನಮ್ಮ ಕೆಂಪು ಮಣ್ಣು ಮಳೆಗಾಲದ ಹೊಡೆತಕ್ಕೆ ಗಟ್ಟಿಯಾಗಿ, ಬೇಸಿಗೆಯಲ್ಲಿ ಇಟ್ಟಿಗೆಯಂತಾಗುತ್ತದೆ. ಬೇರು ಇಳಿಯಲು ಜಾಗವೇ ಇರುವುದಿಲ್ಲ. ಹಿಂದಿನ ದಿನ ನೀರು ಬಿಟ್ಟು ಮಣ್ಣು ಮೆತ್ತಗಾದ ಮೇಲೆ, ಮುಳ್ಳಿನ ಫೋರ್ಕಿನಿಂದ ಮೂರು ನಾಲ್ಕು ಇಂಚು ಆಳಕ್ಕೆ ಚುಚ್ಚಿ ಸ್ವಲ್ಪ ಅಲ್ಲಾಡಿಸಿ ತೆಗೆಯಿರಿ. ಐದಾರು ಇಂಚಿಗೊಂದು ತೂತು. ಫೋರ್ಕ್ ಇಲ್ಲದಿದ್ದರೆ ಚೂಪಾದ ಕಬ್ಬಿಣದ ಸರಳಾದರೂ ಆಗುತ್ತದೆ, ಕೈ ಸ್ವಲ್ಪ ಜಾಸ್ತಿ ನೋಯುತ್ತದೆ ಅಷ್ಟೇ. ಎಲ್ಲರೂ ಓಡಾಡುವ ದಾರಿ, ಕಾರು ತಿರುಗಿಸುವ ಅಂಚು, ಇಲ್ಲಿ ತೂತು ಹತ್ತಿರ ಹತ್ತಿರ ಇರಲಿ.

ಇದಾದ ಮೇಲೆ ತೆಳುವಾಗಿ ಮಣ್ಣು ಹರಡಬೇಕು. ನಾನು ಮಾಡುವ ಮಿಶ್ರಣ: ಎರಡು ಪಾಲು ಮರಳು, ಒಂದು ಪಾಲು ಜರಡಿ ಹಿಡಿದ ಕೆಂಪು ಮಣ್ಣು, ಒಂದು ಪಾಲು ಹಳೆಯ ಕಾಂಪೋಸ್ಟ್. ಅರ್ಧ ಸೆಂಟಿಮೀಟರ್ ದಪ್ಪಕ್ಕೆ 100 ಚದರ ಅಡಿಗೆ ಮೂರು ಬಕೆಟ್ ಸಾಕು. ಹರಡಿ, ಪೊರಕೆಯ ಬೆನ್ನಿನಿಂದ ತಿಕ್ಕಿ ತೂತಿನೊಳಗೆ ಇಳಿಸಿ. ಹುಲ್ಲಿನ ತುದಿ ಹೊರಗೆ ಕಾಣುತ್ತಿರಬೇಕು. ಮುಚ್ಚಿಹೋದರೆ ಜಾಸ್ತಿಯಾಯಿತು ಎಂದರ್ಥ.

ಮರಳಿನ ಬದಲು ಕ್ರಷರ್ ಪುಡಿ ಹಾಕಬೇಡಿ. ಅದರ ನುಣುಪು ಧೂಳು ನೀರು ತಾಗಿದರೆ ಗಾರೆಯಂತೆ ಕಚ್ಚಿಕೊಳ್ಳುತ್ತದೆ. ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿಮಾಡಿ ತಯಾರಿಸಿದ ಮರಳು, ಆದರೆ ತೊಳೆದದ್ದನ್ನು ಕೇಳಿ ತನ್ನಿ. ಕಾಂಪೋಸ್ಟ್ ವಿಷಯದಲ್ಲೂ ಅಷ್ಟೇ ಹುಷಾರು ಬೇಕು. ಕಾಫಿ ಪಲ್ಪರಿನಿಂದ ಬಂದ ಹಸಿ ಸಿಪ್ಪೆಯನ್ನು ಹಾಗೇ ಹಾಕಿದರೆ ಅದು ಕೊಳೆಯುವಾಗ ಬಿಸಿಯಾಗಿ ಹುಲ್ಲನ್ನು ಸುಡುತ್ತದೆ. ಗುಂಡಿಯಲ್ಲಿ ಪೂರ್ತಿ ಕೊಳೆತು, ಕಪ್ಪಾಗಿ, ಕಾಡುಮಣ್ಣಿನ ವಾಸನೆ ಬಂದ ಮೇಲೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಕೊಟ್ಟಿಗೆ ಗೊಬ್ಬರ, ಕುರಿಗೊಬ್ಬರ ಹೊಸದಾಗಿದ್ದರೆ ಅದರ ಜೊತೆ ಊರಿನ ಕಳೆ ಬೀಜವೆಲ್ಲ ಲಾನಿಗೆ ಬರುತ್ತದೆ.

ಗೊಬ್ಬರ: ಈಗ ಸರಿಯಾದ ಹೊತ್ತು

ಹಸಿರು ಒಂದೇ ಸಮ ಕಂಡ ಮೇಲೆ, ಸಾಮಾನ್ಯವಾಗಿ ಮಾರ್ಚ್ ಮೊದಲ ವಾರದಲ್ಲಿ, ಮೊದಲ ಗೊಬ್ಬರ. 100 ಚದರ ಅಡಿಗೆ ಯೂರಿಯಾ 50 ಗ್ರಾಂ. ಮೂರು ನಾಲ್ಕು ವಾರ ಬಿಟ್ಟು ಇನ್ನೊಂದು 50 ಗ್ರಾಂ. ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46 ಪಾಲು ಇರುವುದರಿಂದ ಇಷ್ಟು ಧಾರಾಳವಾಯಿತು. 50 ಗ್ರಾಂ ಅನ್ನು 100 ಚದರ ಅಡಿಗೆ ಕೈಯಲ್ಲಿ ಸಮನಾಗಿ ಎರಚಲು ಆಗುವುದಿಲ್ಲ. ಅರ್ಧ ಬಕೆಟ್ ಒಣ ಮರಳಿಗೆ ಬೆರೆಸಿಕೊಳ್ಳಿ. ಅರ್ಧ ಉದ್ದಕ್ಕೆ, ಅರ್ಧ ಅಡ್ಡಕ್ಕೆ ಎರಚಿ. ಹುಲ್ಲು ಒಣಗಿರಬೇಕು. ಎರಚಿದ ಕೂಡಲೇ ನೀರು ಹಾಕಿ ಎಲೆ ತೊಳೆಯಬೇಕು. ನನ್ನ ಮೊದಲ ವರ್ಷದ ಗೆರೆಗಳು ನೆನಪಿರಲಿ.

ರಾಸಾಯನಿಕ ಬೇಡ ಎನ್ನುವವರು 100 ಚದರ ಅಡಿಗೆ ನಾಲ್ಕೈದು ಕೆಜಿ ಎರೆಗೊಬ್ಬರ ಜರಡಿ ಹಿಡಿದು ಹರಡಿ. ಹಸಿರು ಬರುವುದು ಸ್ವಲ್ಪ ತಡ, ಆದರೆ ನಿಂತುಕೊಳ್ಳುತ್ತದೆ. ಬೇರು ಇನ್ನೂ ಬಡವಾಗಿದೆ ಅನಿಸಿದರೆ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರುವ 19:19:19 ಗೊಬ್ಬರವನ್ನು ಲೀಟರಿಗೆ 5 ಗ್ರಾಂ ಕರಗಿಸಿ ಸಂಜೆಯ ಬಿಸಿಲು ಇಳಿಯುವ ಮೊದಲು ಎಲೆಗೆ ಸಿಂಪಡಿಸಬಹುದು.

ಸುಣ್ಣದ ವಿಷಯ ಬೇರೆ. ಜೋರು ಮಳೆಯ ಸಕಲೇಶಪುರ, ಮೂಡಿಗೆರೆ, ಕೊಪ್ಪ ಕಡೆ ಮಣ್ಣು ಹುಳಿ. ಹುಳಿಯ ಅಳತೆಯಾದ ಪಿಎಚ್ 5.5ಕ್ಕಿಂತ ಕೆಳಗಿದ್ದರೆ ಎಷ್ಟು ಗೊಬ್ಬರ ಹಾಕಿದರೂ ಹುಲ್ಲು ಸೊರಗಿದಂತೆಯೇ ಇರುತ್ತದೆ, ಪಾಚಿ ಕಟ್ಟುತ್ತದೆ. ಆದರೆ ಅಂದಾಜಿಗೆ ಸುಣ್ಣ ಹಾಕಬೇಡಿ. ತೋಟದ ಮಣ್ಣು ಪರೀಕ್ಷೆಗೆ ಕಳಿಸುವಾಗ ಲಾನಿನದ್ದೂ ಒಂದು ಪೊಟ್ಟಣ ಸೇರಿಸಿ. ತೋಟವಿಲ್ಲದವರು ಮೂಡಿಗೆರೆ ಅಥವಾ ಹಾಸನದ ಹತ್ತಿರ ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಹಾಕಬೇಕೆಂದು ಬಂದರೆ ಕೃಷಿ ಸುಣ್ಣ ಅಥವಾ ಡೋಲೊಮೈಟ್ ಹಾಕಿ, ಗೋಡೆಗೆ ಬಳಿಯುವ ಸುಣ್ಣ ಬೇಡ. ಯೂರಿಯಾ ಜೊತೆ ಒಂದೇ ಹೊತ್ತಿಗೆ ಬೇಡ, ಸಾರಜನಕ ಗಾಳಿಗೆ ಹೋಗುತ್ತದೆ. ಮೂರು ವಾರದ ಅಂತರ ಇರಲಿ.

ಬೋಳು ಜಾಗ ತುಂಬಿಸುವುದು

ಏಪ್ರಿಲ್ ಹೊತ್ತಿಗೂ ಚಿಗುರದ ಜಾಗ ಸತ್ತಿದೆ ಎಂದು ಈಗ ಧೈರ್ಯವಾಗಿ ಹೇಳಬಹುದು. ಅಷ್ಟು ಜಾಗದ ಸತ್ತ ಹುಲ್ಲು ಕೆರೆದು, ಮೂರು ಇಂಚು ಮಣ್ಣು ಸಡಿಲ ಮಾಡಿ, ಒಂದು ಬೊಗಸೆ ಕಾಂಪೋಸ್ಟ್ ಬೆರೆಸಿ, ಅಂಗೈಯಿಂದ ಒತ್ತಿ ಸಮ ಮಾಡಿ.

ಹೊಸ ಹುಲ್ಲನ್ನು ಅಂಗಡಿಯಿಂದ ತರಬೇಕಿಲ್ಲ. ನಿಮ್ಮ ಲಾನಿನದೇ ದಟ್ಟವಾದ ಮೂಲೆಯಿಂದ, ಅಥವಾ ಕಲ್ಲುಹಾಸಿನ ಮೇಲೆ ಹರಿದು ಬಂದ ಅಂಚಿನಿಂದ ಬಳ್ಳಿ ಕೀಳಿ. ಎರಡು ಮೂರು ಗಂಟು ಇರುವಂತೆ ತುಂಡು ಮಾಡಿ. ಮೂರ್ನಾಲ್ಕು ಇಂಚಿಗೊಂದರಂತೆ, ಒಂದು ಗಂಟಾದರೂ ಮಣ್ಣಿನೊಳಗೆ ಇರುವಂತೆ ನೆಟ್ಟು ಬೆರಳಿನಿಂದ ಬಿಗಿ ಮಾಡಿ. ಮೊದಲ ಎರಡು ವಾರ ಮಾತ್ರ ದಿನಾ ಹಗುರವಾಗಿ ನೀರು. ಬೇರೆ ಕಡೆಯಿಂದ ಹುಲ್ಲು ತರುವುದಾದರೆ ಜಾತಿ ಒಂದೇ ಎಂದು ಖಾತ್ರಿ ಮಾಡಿಕೊಳ್ಳಿ. ನನಗೆ ಒಮ್ಮೆ ಒಂದು ನರ್ಸರಿಯವರು ಮೆಕ್ಸಿಕನ್ ಎಂದು ಬೇರೆ ಹುಲ್ಲು ಕೊಟ್ಟರು. ಆ ತೇಪೆ ಇಂದಿಗೂ ಬೇರೆ ಬಣ್ಣದಲ್ಲೇ ಕಾಣುತ್ತದೆ. ಅವರ ಹುಲ್ಲಿನ ಬೇರಿಗೆ ಜೇಕಿನ ಗಡ್ಡೆ ಸೇರಿರುವುದೂ ಉಂಟು, ಉದುರಿಸಿ ನೋಡಿ. ಜೇಕು ಒಮ್ಮೆ ಬಂದರೆ ಗಡ್ಡೆ ಸಮೇತ ಅಗೆದು ತೆಗೆಯುವುದೇ ಉಪಾಯ. ಒಂದೆಲಗ ಬಂದರೆ ಬೇಜಾರು ಬೇಡ. ಔಷಧಿ ಹೊಡೆಯದ ಲಾನ್ ಆದರೆ ಕಿತ್ತು ತೊಳೆದು ತಂಬುಳಿ ಮಾಡಿ.

ಮಾರ್ಚ್-ಏಪ್ರಿಲ್‌ನಲ್ಲಿ ಕಾಫಿಗೆ ಕಾಯುವ ಹೂಮಳೆ ಬಂದರೆ ಮಾರನೇ ದಿನವೇ ನೆಡಿ. ಅದರಷ್ಟು ಒಳ್ಳೆಯ ಹದ ಪೈಪಿನ ನೀರಿನಿಂದ ಸಿಗುವುದಿಲ್ಲ. ಮಳೆ ತಪ್ಪಿ, ಬಾವಿಯಲ್ಲೂ ನೀರು ಕಡಿಮೆ ಇದ್ದರೆ ಸುಮ್ನೆ ಒದ್ದಾಡಬೇಡಿ. ಜೂನ್ ಮೊದಲ ವಾರದವರೆಗೆ ಬಿಡಿ. ಆದರೆ ಮುಂಗಾರು ಜೋರು ಹಿಡಿಯುವ ಮೊದಲೇ ಬೇರು ಕಚ್ಚಿರಬೇಕು. ಇಲ್ಲವಾದರೆ ಜುಲೈನ ಮಳೆಗೆ ಮಣ್ಣಿನ ಸಮೇತ ಕೊಚ್ಚಿಹೋಗುತ್ತದೆ. ಇಳಿಜಾರಿದ್ದರೆ ನೆಟ್ಟ ಮೇಲೆ ಹಳೆಯ ಗೋಣಿಚೀಲ ಬಿಡಿಸಿ ಹಾಸಿ, ಕಡ್ಡಿ ಚುಚ್ಚಿ ನಿಲ್ಲಿಸಿ. ಗೋಣಿಯ ಸಂದಿಯಿಂದ ಹುಲ್ಲು ಇಣುಕಿದ ಕೂಡಲೇ ತೆಗೆದುಬಿಡಿ.

ಬೇಸಿಗೆ ಏರಿದಂತೆ ನೀರಿನ ಲೆಕ್ಕ ಬದಲಾಗುತ್ತದೆ. ಏಪ್ರಿಲ್‌ನಲ್ಲಿ ಮಳೆಯಿಲ್ಲದ ವಾರ 100 ಚದರ ಅಡಿಗೆ ಹದಿನೈದು ಬಕೆಟ್ ಬೇಕು. ಎರಡು ಸಲಕ್ಕೆ ಹಂಚಿ ಕೊಡಿ. ಬಟ್ಟೆ ಜಾಲಿಸಿದ, ಅಕ್ಕಿ-ತರಕಾರಿ ತೊಳೆದ ನೀರನ್ನೂ ಹಾಕಬಹುದು, ಸೋಪಿನ ನೊರೆ ಜಾಸ್ತಿ ಇರುವುದು ಬೇಡ.

ಮುಂದಿನ ಚಳಿಗೆ ಅಕ್ಟೋಬರ್‌ನಲ್ಲೇ ತಯಾರಿ

ಚಳಿ ತಡೆಯುವ ಶಕ್ತಿ ಹುಲ್ಲಿಗೆ ಬರುವುದು ಪೊಟ್ಯಾಷ್‌ನಿಂದ. ನಮ್ಮ ಮಳೆ ಅದನ್ನೇ ಮಣ್ಣಿನಿಂದ ತೊಳೆದುಕೊಂಡು ಹೋಗುತ್ತದೆ. ಹಾಗಾಗಿ ಮಳೆ ಹಿಂದೆ ಸರಿದ ಮೇಲೆ, ದಸರಾದಿಂದ ದೀಪಾವಳಿಯೊಳಗೆ, 100 ಚದರ ಅಡಿಗೆ 75 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಅನ್ನು ಮರಳಿನ ಜೊತೆ ಎರಚಿ ನೀರು ಬಿಡಿ. ಯೂರಿಯಾ ಅಕ್ಟೋಬರ್ ಮಧ್ಯಕ್ಕೇ ನಿಲ್ಲಿಸಿ. ತಡವಾಗಿ ಹಾಕಿದರೆ ಎಳೆ ಚಿಗುರು ಬಂದು, ಮೊದಲ ಚಳಿಗೇ ಬೇಯುತ್ತದೆ.

ನವೆಂಬರ್‌ನ ಕೊನೆಯ ಕತ್ತರಿಕೆಯಲ್ಲಿ ಮೆಷಿನಿನ ಎತ್ತರವನ್ನು ಅರ್ಧ ಇಂಚು ಏರಿಸಿ. ತಗ್ಗಿನ ಮೂಲೆಯಲ್ಲಿ ನೀರು ನಿಲ್ಲುತ್ತಿದ್ದರೆ ಮಳೆಗಾಲದಲ್ಲೇ ಗುರುತು ಹಾಕಿಕೊಂಡು, ಒಂದು ಸಣ್ಣ ಕಾಲುವೆ ತೋಡಿ ಬಿಡಿ. ತಂಪು ಗಾಳಿ ನಿಲ್ಲುವ ಕಡೆ ಬೇಲಿ ದಟ್ಟವಾಗಿದ್ದರೆ ಕೆಳಗಿನ ಒಂದೆರಡು ಅಡಿ ಸವರಿ, ಗಾಳಿ ಹರಿದುಹೋಗಲು ದಾರಿ ಮಾಡಿ. ಸಿಲ್ವರ್ ಓಕಿನ ಕೆಳಗೊಂಬೆಗಳನ್ನು ಮಳೆಗಾಲಕ್ಕೆ ಮುಂಚೆ ತೋಟದ ನೆರಳು ಸವರುವಾಗಲೇ ತೆಗೆಸಿದರೆ, ಡಿಸೆಂಬರ್‌ನ ಬೆಳಗಿನ ಬಿಸಿಲು ಎಂಟು ಗಂಟೆಗೇ ಹುಲ್ಲಿಗೆ ತಾಗುತ್ತದೆ.

ನಾದಿನಿಯ ಲಾನಿನಲ್ಲಿ ಈಗ ಗೇಟಿನ ಪಕ್ಕದ ಎರಡು ಅಡಿ ಜಾಗ ಮಾತ್ರ ಬೋಳು. ಅಲ್ಲಿ ದಿನಾ ಸ್ಕೂಟರ್ ನಿಲ್ಲಿಸುತ್ತಿದ್ದರಂತೆ. ಅಲ್ಲಿಗೆ ಕಲ್ಲು ಹಾಸಲು ಹೇಳಿದ್ದೇನೆ.